ಐವತ್ತು ಪೆಟ್ಟಿಗೆ ಮಣ್ಣು

ಆ ಚಿತ್ರದಲ್ಲಿ ಬಣ್ಣವೇ ಇಲ್ಲ. ಸುಮಾರು ಮೂರಡಿ ಅಗಲದ ಬಿಳಿ ಕಾಗದ, ಅದರ ಮೇಲೆ ಕಪ್ಪು ಶಾಯಿ, ಅಷ್ಟೇ. ಒಬ್ಬ ಗಂಡಸು ಒಬ್ಬ ಹೆಂಗಸಿನ ಕುತ್ತಿಗೆಯ ಮೇಲೆ ಬಾಗಿದ್ದಾನೆ. ಹಿಂದಕ್ಕೆ ಬಾಚಿದ ಅವನ ಕೂದಲು ಕೂದಲಾಗಿ ಕಾಣುವುದಿಲ್ಲ, ಒಂದು ಕರೀ ಮುದ್ದೆಯಾಗಿ ಕಾಣುತ್ತದೆ. ಅವಳ ಮುಖ, ಗಂಟಲು ಬಹುಪಾಲು ಖಾಲಿ ಕಾಗದ. ಮುತ್ತು ಕೊಡುತ್ತಿದ್ದಾನೋ ಕಚ್ಚುತ್ತಿದ್ದಾನೋ ಹೇಳಲಿಕ್ಕೆ ಆಗುವುದಿಲ್ಲ. ಆಂಡಿ ವಾರ್ಹಾಲ್ 1963ರಲ್ಲಿ ಮಾಡಿದ್ದು. ಹೆಸರು 'ದಿ ಕಿಸ್', ಅದರ ಮುಂದೆ ಬ್ರಾಕೆಟ್ಟಿನಲ್ಲಿ 'ಬೇಲಾ ಲುಗೋಸಿ'. 1931ರ 'ಡ್ರಾಕುಲಾ' ಸಿನಿಮಾದ ಒಂದು ಸ್ಟಿಲ್ ಫೋಟೋವನ್ನು ಎತ್ತಿಕೊಂಡು ಸಿಲ್ಕ್‌ಸ್ಕ್ರೀನಿನಲ್ಲಿ ಒತ್ತಿದ್ದಾನೆ.

ಊರು ಬಿಟ್ಟು ಬದುಕುವವರ ಬಗೆಗಿನ ಪುಸ್ತಕದಲ್ಲಿ ಅಮೆರಿಕದ ಈ ರಕ್ತ ಕುಡಿಯುವ ಭೂತ ಯಾಕೆ ಬಂತು ಅಂತ ನೀವು ಹುಬ್ಬೇರಿಸಬಹುದು. ನಾನು ಚಿತ್ರಕಲೆ ಓದಿದವನಲ್ಲ. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದವನು, ಮುಂಬಯಿಯಲ್ಲೇ ನಿವೃತ್ತನಾದವನು. ಆದರೆ ಈ ಚಿತ್ರದ ಮುದ್ರಿತ ಪ್ರತಿಯನ್ನು ಪುಸ್ತಕದಲ್ಲಿ ನೋಡಿದಷ್ಟು ಸಲವೂ ಇದು ನಮ್ಮಂಥವರ ಚಿತ್ರ ಅನ್ನಿಸಿದೆ. ಯಾಕೆ ಅನ್ನಿಸಿತು, ಆ ಅನ್ನಿಸಿಕೆಗೆ ಚಿತ್ರದಲ್ಲೇ ಆಧಾರ ಇದೆಯೋ ಇಲ್ಲವೋ, ಅದನ್ನು ಲೆಕ್ಕ ಹಾಕಿ ನೋಡಬೇಕು.

ಚಿತ್ರಕಲೆ ಬಲ್ಲ ಗೆಳೆಯರೊಬ್ಬರಿಗೆ ಇದನ್ನು ತೋರಿಸಿದಾಗ ಅವರು ನಕ್ಕುಬಿಟ್ಟರು. "ಇದರಾಗ ಒಳಗ ಏನೂ ಇಲ್ರಿ ಸಾಹೇಬ್ರ. ಪಾಪ್ ಆರ್ಟ್ ಅಂದ್ರ ಮ್ಯಾಲಿಂದಷ್ಟ. ಸೂಪಿನ ಡಬ್ಬಿ, ಕೋಕಾಕೋಲಾ ಬಾಟ್ಲಿ, ಮರ್ಲಿನ್ ಮನ್ರೋ, ಡ್ರಾಕುಲಾ, ಎಲ್ಲಾ ಒಂದ. ಪ್ಯಾಟ್ಯಾಗ ಮಾರಾಟಕ್ಕಿಟ್ಟ ಮಾಲು." ಪುಸ್ತಕಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು ಇರುತ್ತದೆ. ವಾರ್ಹಾಲ್ ಭಯವನ್ನೂ ಸರಕು ಮಾಡಿ ತೋರಿಸಿದ, ಭಯದ ಹಲ್ಲು ಕಿತ್ತ, ಇತ್ಯಾದಿ. ಮಾತು ಸುಳ್ಳಲ್ಲ. ಆದರೆ ಸೂಪಿನ ಡಬ್ಬಿಗೆ ಹುಟ್ಟಿದ ಊರು ಇರುವುದಿಲ್ಲ. ಈ ಮುಖಕ್ಕೆ ಇದೆ.

ಮೊದಲು ಇದನ್ನು ಮಾಡಿದ ರೀತಿ ನೋಡೋಣ, ಅರ್ಧ ಅರ್ಥ ಅಲ್ಲೇ ಇದೆ. ಸ್ಕ್ರೀನ್ ಪ್ರಿಂಟಿಂಗ್ ನಮಗೇನೂ ಹೊಸದಲ್ಲ. ಲಗ್ನಪತ್ರಿಕೆ, ಅಂಗಡಿಯ ಕೈಚೀಲ, ಗಣಪತಿ ಮಂಡಳಿಯ ಬ್ಯಾನರು ಎಲ್ಲ ಅದರಲ್ಲೇ ಆಗುತ್ತಿದ್ದವು. ಚೌಕಟ್ಟಿಗೆ ತೆಳುಬಟ್ಟೆ ಬಿಗಿದು, ಬೆಳಕು ತಾಗಿದರೆ ಗಟ್ಟಿಯಾಗುವ ಲೇಪ ಹಚ್ಚುತ್ತಾರೆ. ಅದರ ಮೇಲೆ ಫೋಟೋದ ಫಿಲ್ಮ್ ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ತಾಗದ ಜಾಗದ ಲೇಪ ನೀರಿನಲ್ಲಿ ತೊಳೆದು ಹೋಗುತ್ತದೆ, ಆ ತೂತುಗಳಿಂದ ಶಾಯಿ ಇಳಿಯುತ್ತದೆ. ಬಟ್ಟೆಯ ಒಂದೊಂದು ಕಣ್ಣೂ ಒಂದೋ ತೆರೆದಿದೆ, ಇಲ್ಲವೇ ಮುಚ್ಚಿದೆ. ಫಿಲ್ಮಿನಲ್ಲಿ ಕಪ್ಪುಬಿಳುಪನ್ನು ಜೋರು ಮಾಡಿಬಿಟ್ಟರಂತೂ ನಡುವಿನ ಬೂದುಬಣ್ಣಗಳೆಲ್ಲ ಹಾರಿಹೋಗುತ್ತವೆ. ಕೆನ್ನೆಯ ತಗ್ಗು, ಕಣ್ಣಿನ ಕೆಳಗಿನ ಸುಸ್ತು, ತುಟಿಯ ಅಂಚು, ಮನುಷ್ಯನ ಮುಖವನ್ನು ಮನುಷ್ಯನ ಮುಖ ಮಾಡುವ ಸಣ್ಣಪುಟ್ಟದ್ದೆಲ್ಲ ಬೂದುಬಣ್ಣದಲ್ಲೇ ಇರುವುದು. ವಾರ್ಹಾಲ್ ಬೇಕೆಂದೇ ಅದನ್ನು ಹೋಗಗೊಟ್ಟಿದ್ದಾನೆ.

ಬ್ಯಾಂಕಿನವರಿಗೆ ಇಂಥ ಮುಖಗಳ ಪರಿಚಯ ಚೆನ್ನಾಗಿದೆ. ಖಾತೆ ತೆರೆಯಲು ಬಂದವರು ಗುರುತಿನ ಚೀಟಿಯ ಝೆರಾಕ್ಸ್ ಕೊಡುತ್ತಾರಲ್ಲ, ಕೆಲವೊಮ್ಮೆ ಝೆರಾಕ್ಸಿನ ಝೆರಾಕ್ಸು, ಅದರಲ್ಲಿ ಎಂಥ ಸಾಧುವಾದ ಮನುಷ್ಯನೂ ಭೂತವೇ. ಕಣ್ಣಿನ ಜಾಗದಲ್ಲಿ ಎರಡು ಕರೀ ಗುಂಡಿ, ಹಣೆ ಮಾಯ, ಬಾಯಿ ಒಂದು ಗೀರು. ಎದುರಿಗೆ ನಿಂತವನ ಮುಖವನ್ನು ಅದರ ಜೊತೆ ತಾಳೆ ನೋಡಿ 'ಪರಿಶೀಲಿಸಲಾಗಿದೆ' ಅಂತ ಸಹಿ ಹಾಕಬೇಕು. ಕನಸಿನಲ್ಲಿ ಕಂಡಂತಿರುವ ಚಿತ್ರಗಳನ್ನು ಸರ್ರಿಯಲಿಸ್ಟರು ತಲೆ ಕೆಡಿಸಿಕೊಂಡು ಬರೆದರು. ಅವರ ಗುರು ಆಂದ್ರೆ ಬ್ರೆತೋನಿಗೆ 1922ರ 'ನೊಸ್ಫೆರಾತು' ಎಂಬ ಇಂಥದೇ ರಕ್ತಪಿಶಾಚಿಯ ಮೂಕಿ ಚಿತ್ರ ಬಹಳ ಪ್ರಿಯವಾಗಿತ್ತು. ವಾರ್ಹಾಲನಿಗೆ ಕನಸಿನ ಉಸಾಬರಿ ಬೇಕಾಗಲಿಲ್ಲ. ನಕಲು ತೆಗೆಯುವ ಯಂತ್ರವೇ ಅವನಿಗೆ ಆ ವಿಕಾರವನ್ನು ಒದಗಿಸಿತು. ಈ ಚಿತ್ರದ ವಿಚಿತ್ರ ಕಳೆ ಬಂದಿರುವುದು ಕಲ್ಪನೆಯಿಂದಲ್ಲ, ದಾಖಲೆಯಿಂದ. ನನ್ನ ಮಟ್ಟಿಗೆ ಅದರ ನಿಜವಾದ ಹೆದರಿಕೆ ಅದೇ.

ಇನ್ನು ಸಿನಿಮಾಕ್ಕೆ ಬರೋಣ. ಟಾಡ್ ಬ್ರೌನಿಂಗ್ ನಿರ್ದೇಶಿಸಿದ, ಯೂನಿವರ್ಸಲ್ ಕಂಪನಿಯ ಆ 'ಡ್ರಾಕುಲಾ'ದಲ್ಲಿ ಲುಗೋಸಿಗೆ ಕೋರೆಹಲ್ಲೇ ಇಲ್ಲ. ನಂಬಿಕೆ ಬರದಿದ್ದರೆ ಇನ್ನೊಮ್ಮೆ ನೋಡಿ. ಕೋರೆಹಲ್ಲು, ಕೆಂಪು ಕಣ್ಣು, ಗಲ್ಲದ ಮೇಲೆ ರಕ್ತ, ಇವೆಲ್ಲ ಆಮೇಲಿನ ಸಿನಿಮಾಗಳ ಆಭರಣ. ಕಚ್ಚುವುದನ್ನೂ ಆ ಚಿತ್ರ ತೋರಿಸುವುದಿಲ್ಲ. ಅವನು ಬಾಗುತ್ತಾನೆ, ದೃಶ್ಯ ಬದಲಾಗುತ್ತದೆ. ವಾರ್ಹಾಲ್ ಆರಿಸಿಕೊಂಡದ್ದು ಈ ಬಾಗುವ ಗಳಿಗೆಯನ್ನು. ಸಿನಿಮಾದಲ್ಲಿ ಅದು ಮುಗಿದು ಮುಂದೆ ಹೋಗುತ್ತದೆ, ಇಲ್ಲಿ ಮುಗಿಯುವುದೇ ಇಲ್ಲ. ಅಪರಾಧ ಇನ್ನೂ ನಡೆದಿಲ್ಲ, ಆದರೂ ಅವನು ಅಪರಾಧಿ ಅಂತ ನಾವಾಗಲೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಯಾವುದರ ಆಧಾರದ ಮೇಲೆ? ಮುಖದ ಮೇಲೆ, ಉಡುಪಿನ ಮೇಲೆ, ಮತ್ತು ಆ ಸಿನಿಮಾ ನೋಡಿದವರಿಗಾದರೆ ಅವನ ಉಚ್ಚಾರದ ಮೇಲೆ.

ಉಚ್ಚಾರ ಅಂದೆ. ಈ ಲುಗೋಸಿ ಯಾರು? ಅವನ ಹುಟ್ಟುಹೆಸರು ಬೇಲಾ ಬ್ಲಾಸ್ಕೋ. 1882ರಲ್ಲಿ ಆಗಿನ ಹಂಗೇರಿಯ ಲುಗೋಶ್ ಎಂಬ ಊರಿನಲ್ಲಿ ಹುಟ್ಟಿದ. ಅದು ಈಗ ರುಮೇನಿಯಾದಲ್ಲಿದೆ, ಹೆಸರೂ ಲುಗೋಜ್ ಆಗಿದೆ. ಅವನ ಅಪ್ಪ ಬ್ರೆಡ್ಡಿನ ವ್ಯಾಪಾರದಿಂದ ಬ್ಯಾಂಕಿನ ವ್ಯವಹಾರಕ್ಕೆ ಬಂದವನು ಅಂತ ಓದಿ ನನಗೆ ಸುಮ್ಮನೆ ಖುಷಿಯಾಯಿತು. ಹುಡುಗ ಚಿಕ್ಕಂದಿನಲ್ಲೇ ಮನೆ ಬಿಟ್ಟ, ನಾಟಕ ಸೇರಿದ, ಊರಿನ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡ. ಹಂಗೇರಿಯನ್ ಭಾಷೆಯಲ್ಲಿ ಕೊನೆಗೊಂದು 'ಇ' ಸೇರಿಸಿದರೆ 'ಆ ಊರಿನವ' ಅಂತ ಅರ್ಥ. ಮರಾಠಿಯಲ್ಲಿ 'ಕರ' ಸೇರಿಸಿದ ಹಾಗೆ. ನಮ್ಮಲ್ಲಿ ಗಂಗೂಬಾಯಿಯವರು ಹಾನಗಲ್ ಆದರು, ಮಲ್ಲಿಕಾರ್ಜುನರು ಮನಸೂರ ಆದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು, ಜೆ.ಜೆ. ಶಾಲೆಯಲ್ಲಿ ಕಲಿತು, ಇದೇ ಊರಲ್ಲಿ ಬಾಳಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ಮೊದಲ 'ಕೆ' ಕೂಡ ಆ ಹಳ್ಳಿಯೇ.

1919ರಲ್ಲಿ ಹಂಗೇರಿಯಲ್ಲಿ ಬೇಲಾ ಕುನ್‌ನ ಕಮ್ಯುನಿಸ್ಟ್ ಸರ್ಕಾರ ಬಿದ್ದಾಗ, ನಟರ ಸಂಘ ಕಟ್ಟಲು ಓಡಾಡಿದ್ದ ಲುಗೋಸಿ ದೇಶ ಬಿಟ್ಟು ಓಡಬೇಕಾಯಿತು. ವಿಯೆನ್ನಾ, ಬರ್ಲಿನ್ ಸುತ್ತಿ 1920ರ ಕೊನೆಗೆ ಹಡಗಿನ ಕೂಲಿಯಾಗಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರಿಗೆ ಇಳಿದ. ಆಗ ಅವನಿಗೆ ಮೂವತ್ತೆಂಟು ವರ್ಷ, ಇಂಗ್ಲಿಷು ಗೊತ್ತಿಲ್ಲ. ಮೊದಮೊದಲು ಮಾತುಗಳನ್ನು ಅರ್ಥ ತಿಳಿಯದೆ ಬರೀ ಸದ್ದಾಗಿ ಬಾಯಿಪಾಠ ಮಾಡಿ ರಂಗದ ಮೇಲೆ ಒಪ್ಪಿಸಿದನಂತೆ. 1927ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಡ್ರಾಕುಲಾ ನಾಟಕ ಸಿಕ್ಕಿತು, 261 ಪ್ರಯೋಗ ಆಯಿತು. ಸಿನಿಮಾ ಆದಾಗ ಅವನೇನೂ ಕಂಪನಿಯ ಮೊದಲ ಆಯ್ಕೆಯಲ್ಲ. ವಾರಕ್ಕೆ 500 ಡಾಲರಿನಂತೆ ಏಳು ವಾರಕ್ಕೆ 3,500 ಡಾಲರಿಗೆ ಒಪ್ಪಿಕೊಂಡ. ಬೇಕಾದವನ ಸಂಬಳ ಮತ್ತು ಬೇಕೆಂದು ಬಂದವನ ಸಂಬಳ ಬೇರೆಬೇರೆ ಇರುತ್ತದೆ, ಯಾವ ದೇಶದಲ್ಲಾದರೂ.

(ಡಬ್ಬಿಂಗ್ ಬೇಕೋ ಬೇಡವೋ ಅಂತ ನಾವು ಕನ್ನಡದಲ್ಲಿ ಎಷ್ಟು ವರ್ಷ ಜಗಳವಾಡಿದೆವು! ಯೂನಿವರ್ಸಲ್‌ನವರು ಈ ಸಿನಿಮಾವನ್ನು ಸ್ಪ್ಯಾನಿಷಿಗೆ ಡಬ್ ಮಾಡಲಿಲ್ಲ. ಹಗಲು ಇಂಗ್ಲಿಷ್ ತಂಡ ಕೆಲಸ ಮಾಡಿ ಹೋದ ಅದೇ ಸೆಟ್ಟಿನಲ್ಲಿ ರಾತ್ರಿ ಬೇರೆ ನಟರು ಸ್ಪ್ಯಾನಿಷಿನಲ್ಲಿ ಪೂರ್ತಿ ಸಿನಿಮಾ ಮತ್ತೆ ತೆಗೆದರು. ಭೂತದ ಚಿತ್ರಕ್ಕೆ ರಾತ್ರಿ ಪಾಳಿಯೇ ಸರಿ ಅನ್ನಿ.)

ಅವನ ಆ ನಿಧಾನದ, ಎಳೆದೆಳೆದು ಆಡುವ, ಒತ್ತು ತಪ್ಪಿದ ಇಂಗ್ಲಿಷು ಇದೆಯಲ್ಲ, ಅದೇ ಡ್ರಾಕುಲಾನ ಧ್ವನಿಯಾಗಿ ಲೋಕಕ್ಕೆಲ್ಲ ಹಬ್ಬಿತು. ಮಾತು ಬಾರದ ಒಬ್ಬ ವಲಸಿಗನ ಕಷ್ಟವೇ ಭೂತದ ಲಕ್ಷಣವಾಯಿತು. ಹಾಲಿವುಡ್ಡಿನಲ್ಲಿ ಹೊರಗಿನವನ ಉಚ್ಚಾರ ಹೆದರಿಸಲಿಕ್ಕೆ ಉಪಯೋಗವಾದರೆ ನಮ್ಮ ಹಿಂದಿ ಸಿನಿಮಾದಲ್ಲಿ ನಗಿಸಲಿಕ್ಕೆ. 1968ರ 'ಪಡೋಸನ್'ನಲ್ಲಿ ಮೆಹಮೂದ್ ಜುಟ್ಟು ಬಿಟ್ಟುಕೊಂಡು ಆಡುವ 'ಮದ್ರಾಸಿ' ಹಿಂದಿಯನ್ನು ನೆನಪಿಸಿಕೊಳ್ಳಿ. ಧಾರವಾಡದವನಾದರೂ ಮಂಗಳೂರಿನವನಾದರೂ ಮುಂಬಯಿಯಲ್ಲಿ ಎಷ್ಟೋ ಕಾಲ ಎಲ್ಲರೂ ಅದೇ ಮದ್ರಾಸಿ. ನಮ್ಮನ್ನು ಕಂಡು ನಕ್ಕರು, ಅವನನ್ನು ಕಂಡು ಬೆಚ್ಚಿದರು. ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ ನಾನಂತೂ ಬೆಚ್ಚಿಬೀಳಿಸುವುದನ್ನೇ ಆರಿಸುತ್ತಿದ್ದೆ. ವಾರ್ಹಾಲನ ಚಿತ್ರದಲ್ಲಿ ಧ್ವನಿ ಇಲ್ಲ. ಉಚ್ಚಾರ ಕಳೆದುಹಾಕಿದ ಮೇಲೆ ಉಳಿದ ಮುಖ ಅದು. ಇಷ್ಟು ವರ್ಷ ಹೆದರಿಸಿದ್ದು ಮುಖವೋ ಮಾತೋ ಅಂತ ಆ ಮೌನದಲ್ಲಿ ಅನುಮಾನ ಬರುತ್ತದೆ.

ಮೂಲ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಕೂಡ ಡಬ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿಗೆ ಹೊಟ್ಟೆಪಾಡಿಗೆ ಬಂದವನೇ. 1897ರ ಆ ಕಾದಂಬರಿಯನ್ನು ಭಯಕ್ಕಾಗಿ ಓದಿದವರು ಎರಡು ವಿಷಯ ಮರೆತುಬಿಡುತ್ತಾರೆ. ಒಂದು, ಡ್ರಾಕುಲಾ ಲಂಡನ್ನಿಗೆ ಹೊರಡುವ ಮುಂಚೆ ಇಂಗ್ಲಿಷು ಕಲಿಯುತ್ತಾನೆ, ಪುಸ್ತಕ ತರಿಸಿ ಓದುತ್ತಾನೆ, ಮನೆಗೆ ಬಂದ ಇಂಗ್ಲಿಷಿನವನನ್ನು ಕೂಡಿಸಿಕೊಂಡು ತನ್ನ ಉಚ್ಚಾರ ತಿದ್ದು ಅನ್ನುತ್ತಾನೆ. ಅಲ್ಲಿನ ಬೀದಿಯಲ್ಲಿ ತನ್ನನ್ನು ಯಾರೂ ಪರದೇಶಿ ಅಂತ ತಿರುಗಿ ನೋಡಬಾರದು ಎಂಬುದು ಅವನ ಆಸೆ. ಎರಡು, ಅವನು ತನ್ನ ಜೊತೆ ಐವತ್ತು ಪೆಟ್ಟಿಗೆ ಊರ ಮಣ್ಣು ಒಯ್ಯುತ್ತಾನೆ. ಹಗಲೆಲ್ಲ ಆ ಮಣ್ಣಿನ ಮೇಲೆ ಮಲಗದಿದ್ದರೆ ಅವನಿಗೆ ಉಳಿಗಾಲವಿಲ್ಲ. ಅವನನ್ನು ಬೇಟೆಯಾಡುವವರು ಮೊದಲು ಮಾಡುವ ಕೆಲಸವೂ ಆ ಪೆಟ್ಟಿಗೆಗಳನ್ನು ಒಂದೊಂದಾಗಿ ಹುಡುಕಿ ಕೆಡಿಸುವುದು.

ಊರಿನಿಂದ ಬರುವಾಗ ಜೋಳದ ಹಿಟ್ಟು, ಶೇಂಗಾ ಚಟ್ನಿ, ಕುಚ್ಚಲಕ್ಕಿಯ ಗೋಣಿ, ಉಪ್ಪಿನಕಾಯಿ ಭರಣಿ ಹೊತ್ತು ತರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೇ ದರ್ಜೆಯ ಡಬ್ಬಿಯಲ್ಲಿ ಸೀಟಿನ ಕೆಳಗೆ ತಳ್ಳಿದ ಆ ಗಂಟುಗಳ ಮೇಲೆ ಕಾಲಿಟ್ಟೇ ನಾವು ಮಲಗುತ್ತಿದ್ದದ್ದು. ಕಾದಂಬರಿಯಲ್ಲಿ ಇನ್ನೊಂದು ನಿಯಮವೂ ಇದೆ. ಮನೆಯವರು ಒಮ್ಮೆ ಒಳಗೆ ಕರೆಯದೆ ಅವನು ಹೊಸ್ತಿಲು ದಾಟಲಾರ. ನಮ್ಮ ಬೆಂಗಳೂರಿನವರು ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ಭೂತವನ್ನು ದಿನಾ ವಾಪಸ್ ಕಳಿಸುತ್ತಿದ್ದರಲ್ಲ, ಬಹುಶಃ ಅದು ಇನ್ನೂ ಜಾಣತನದ ಉಪಾಯ. ಇಲ್ಲ ಅನ್ನುವುದಿಲ್ಲ, ಬಾ ಅಂತಲೂ ಅನ್ನುವುದಿಲ್ಲ. ಊರು ಬಿಟ್ಟು ಬಂದವನು ಕಚೇರಿ ಕಚೇರಿಯ ಕೌಂಟರಿನಲ್ಲಿ ಕೇಳುವ ಮಾತೂ ಅದೇ.

ಈಗ ವಾರ್ಹಾಲನ ವಿಷಯ. ಅವನು ಪಿಟ್ಸ್‌ಬರ್ಗಿನಲ್ಲಿ 1928ರಲ್ಲಿ ಹುಟ್ಟಿದವನು, ಅಪ್ಪಟ ಅಮೆರಿಕನ್ ಅಂತಲೇ ಜನರ ಭಾವನೆ. ಆದರೆ ಅಪ್ಪ ಅಮ್ಮ ಕಾರ್ಪೇಥಿಯನ್ ಬೆಟ್ಟಸಾಲಿನ ಮಿಕೋವಾ ಎಂಬ ಹಳ್ಳಿಯವರು. ಮನೆಮಾತು ರುಸಿನ್, ಮನೆಹೆಸರು ವಾರ್ಹೋಲಾ. ಅಪ್ಪ ಮೊದಲು ಬಂದ, ಅಮ್ಮ ಜೂಲಿಯಾ 1921ರಲ್ಲಿ ಬಂದು ಸೇರಿದಳು. ನಮ್ಮವರೂ ಹಾಗೇ ಅಲ್ಲವೇ, ಮೊದಲು ಗಂಡಸು ಬಂದು ಖೋಲಿ ಹಿಡಿದು ಆಮೇಲೆ ಸಂಸಾರ ತರುವುದು. ಮಗ 1949ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ ಹೆಸರಿನ ಕೊನೆಯ 'ಆ' ಉದುರಿಸಿಕೊಂಡ. ಅಮ್ಮ ಮಾತ್ರ 1952ರಿಂದ ಸುಮಾರು ಇಪ್ಪತ್ತು ವರ್ಷ ಅವನ ಮನೆಯಲ್ಲೇ ಇದ್ದಳು. ಅವನ ಚಿತ್ರಗಳಿಗೆ ಅಕ್ಷರ ಬರೆದುಕೊಡುತ್ತಿದ್ದವಳೂ ಅವಳೇ.

ಮಿಕೋವಾ ಈಗ ಸ್ಲೊವಾಕಿಯಾದಲ್ಲಿದೆ, ಲುಗೋಶ್ ರುಮೇನಿಯಾದಲ್ಲಿ. ಮೊದಲ ಮಹಾಯುದ್ಧದವರೆಗೆ ಎರಡೂ ಒಂದೇ ಹಂಗೇರಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು ಅಂತ ನೆನೆದರೆ ಇದು ಬೇಗ ತಿಳಿಯುತ್ತದೆ. ಅದಕ್ಕೂ ಮುಂಚೆ ಇಲ್ಲಿಗೆ ಬಂದ ನಮ್ಮ ಹಿರಿಯರು ರಾಜ್ಯ ಬಿಟ್ಟು ಬಂದವರಲ್ಲ. ತಮ್ಮದೇ ರಾಜಧಾನಿಗೆ ಬಂದಿದ್ದರು, ಗೆರೆ ಆಮೇಲೆ ಬಿತ್ತು.

ವಾರ್ಹಾಲನ ಗೆಳೆಯರು ಅವನಿಗೆ ಇಟ್ಟ ಅಡ್ಡಹೆಸರು 'ಡ್ರೆಲ್ಲಾ'. ಡ್ರಾಕುಲಾ ಮತ್ತು ಸಿಂಡರೆಲ್ಲಾ ಎರಡನ್ನೂ ಕೂಡಿಸಿದ್ದು. ಚಿಕ್ಕಂದಿನ ಕಾಯಿಲೆ, ಬಿಳಿಚಿದ ಚರ್ಮ, ಮೇಲೆ ಬೆಳ್ಳಿ ಬಣ್ಣದ ಟೋಪನ್, ಹೆಸರು ಯಾಕೆ ಬಂತೆಂದು ಕೇಳಬೇಕಾಗಿಲ್ಲ. 1964ರಲ್ಲಿ 'ಬ್ಯಾಟ್‌ಮನ್ ಡ್ರಾಕುಲಾ' ಎಂಬ ಸಿನಿಮಾ ತೆಗೆದ. 1974ರಲ್ಲಿ ಪಾಲ್ ಮಾರಿಸ್ಸೆ ನಿರ್ದೇಶಿಸಿದ ಡ್ರಾಕುಲಾ ಚಿತ್ರಕ್ಕೆ ತನ್ನ ಹೆಸರು ಕೊಟ್ಟ. ಅಂದರೆ ಇದು ದಾರಿಯಲ್ಲಿ ಸಿಕ್ಕ ಫೋಟೋ ಅಲ್ಲ, ಮತ್ತೆ ಮತ್ತೆ ತಿರುಗಿ ಹೋದ ವಿಷಯ.

ಇಲ್ಲಿ ಆಕ್ಷೇಪ ಬರುತ್ತದೆ, ಬರಲೇಬೇಕು. ವಾರ್ಹಾಲ್ ಈ ಫೋಟೋ ಆರಿಸುವಾಗ ಲುಗೋಸಿಯ ಊರನ್ನು, ವಲಸೆಯನ್ನು ಯೋಚಿಸಿದ್ದ ಅನ್ನುವುದಕ್ಕೆ ಏನು ದಾಖಲೆ? ನಾನು ಯಾವ ದಾಖಲೆಯನ್ನೂ ತೋರಿಸುತ್ತಿಲ್ಲ. ಅದು ಸಾಲದ ಅರ್ಜಿಯಾಗಿದ್ದರೆ ನಾನೇ ತಿರಸ್ಕರಿಸುತ್ತಿದ್ದೆ. ಆದರೆ ಚಿತ್ರ ಸಾಲದ ಅರ್ಜಿಯಲ್ಲ. ಬರೆದವನು ಏನು ಯೋಚಿಸಿದ ಅನ್ನುವುದಕ್ಕಿಂತ ಹಾಳೆಯ ಮೇಲೆ ಏನಿದೆ ಅನ್ನುವುದು ಮುಖ್ಯ. ಹೆಸರಿಡುವಾಗ ಅವನು 'ಡ್ರಾಕುಲಾ' ಅಂತ ಬರೆಯಲಿಲ್ಲ ನೋಡಿ, 'ಬೇಲಾ ಲುಗೋಸಿ' ಅಂತ ಬರೆದ. ಭೂತದ ಹೆಸರು ಬಿಟ್ಟು ಕೂಲಿಗೆ ಬಂದ ನಟನ ಹೆಸರು ಹಿಡಿದ. ಆ ವರ್ಷವೇ ಅವನು ಕಾರು ಅಪಘಾತಗಳ, ವಿದ್ಯುತ್ ಕುರ್ಚಿಯ ಚಿತ್ರಗಳನ್ನೂ ಮಾಡುತ್ತಿದ್ದ. ಹಿಂದಿನ ವರ್ಷ ಸತ್ತುಹೋದ ಮರ್ಲಿನ್‌ಳ ಮುಖ ಒತ್ತಿದ್ದ. ಲುಗೋಸಿ ಸತ್ತು ಆಗ ಏಳು ವರ್ಷವಾಗಿತ್ತು. ಅಂದಮೇಲೆ ಇದು ಸಿನಿಮಾ ಪ್ರಚಾರದ ಚಿತ್ರವಾಗಿ ಬಂದದ್ದಲ್ಲ, ಸತ್ತವರ ಸಾಲಿನಲ್ಲಿ ಬಂದದ್ದು. ಇಷ್ಟನ್ನು ಹಾಳೆಯೇ ಹೇಳುತ್ತದೆ.

ಇದಕ್ಕೆ ಹೋಲಿಸಿದರೆ 1981ರಲ್ಲಿ ಅವನು ಮಾಡಿದ 'ಡ್ರಾಕುಲಾ' ನನಗೆ ಹಿಡಿಸುವುದಿಲ್ಲ. 'ಮಿಥ್ಸ್' ಎಂಬ ಹತ್ತು ಚಿತ್ರಗಳ ಸರಣಿಯದು, ಪ್ರತಿಯೊಂದೂ 38 ಇಂಚು ಚೌಕ. ಸೂಪರ್‌ಮ್ಯಾನ್, ಮಿಕ್ಕಿ ಮೌಸ್, ಸಾಂತಾಕ್ಲಾಸ್, ಅಂಕಲ್ ಸ್ಯಾಮ್, ಇವರ ಜೊತೆಗೆ ಡ್ರಾಕುಲಾ. ಇದು ಸಿನಿಮಾದ ಸ್ಟಿಲ್ ಅಲ್ಲ, ಯಾರಿಗೋ ವೇಷ ಹಾಕಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿ ಮಾಡಿದ್ದು. ಕೋರೆಹಲ್ಲು ಎದ್ದು ಕಾಣುತ್ತದೆ. ಸರಣಿಗೆ ವಜ್ರದ ಪುಡಿ ಉದುರಿಸಿದ್ದಾನೆ. ಹೆಸರಿಗೆ ವಜ್ರ, ಹೆಚ್ಚಾಗಿ ಗಾಜಿನ ಪುಡಿಯೇ. ನಮ್ಮ ಕಂಪನಿ ನಾಟಕದ ರಾಜನ ಕಿರೀಟದ ಮಿಂಚು ಅದು, ಮಿಂಚುತ್ತದೆ, ಚೆನ್ನಾಗಿಯೂ ಇದೆ. ಆದರೆ ಅಲ್ಲಿ ಪಾತ್ರ ಇದೆ, ಮನುಷ್ಯ ಇಲ್ಲ. ನನ್ನ ಗೆಳೆಯರ 'ಮ್ಯಾಲಿಂದಷ್ಟ' ಎಂಬ ಮಾತು ಈ ಚಿತ್ರಕ್ಕಾದರೆ ಪೂರ್ತಿ ಒಪ್ಪುತ್ತದೆ. (ಆ ಹತ್ತರಲ್ಲಿ ಸೂಪರ್‌ಮ್ಯಾನ್ ಕೂಡ ಬೇರೆ ಲೋಕದಿಂದ ಬಂದು ಅಲ್ಲಿನ ಹೆಸರು, ಕನ್ನಡಕ, ನೌಕರಿ ಹಿಡಿದವನು. ಅವನಿಗೆ ಮಾತ್ರ ಚಪ್ಪಾಳೆ!)

ಮುಂಬಯಿಯ ಭೂತದ ಸಿನಿಮಾದವರನ್ನೂ ಇಲ್ಲಿ ನೆನೆಯದೆ ಹೋಗಲಾರೆ. ರಾಮ್ಸೆ ಸಹೋದರರು ಅಂದಾಗ ಎಷ್ಟೋ ಜನ ಯಾರೋ ಆಂಗ್ಲೋ ಇಂಡಿಯನ್ನರು ಅಂತ ತಿಳಿದಿದ್ದರು. ಅವರು ಕರಾಚಿಯ ಸಿಂಧಿಗಳು. ರಾಮ್‌ಸಿಂಘಾನಿ ಎಂಬ ಹೆಸರು ಅಲ್ಲಿನ ರೇಡಿಯೋ ಅಂಗಡಿಗೆ ಬರುತ್ತಿದ್ದ ಬ್ರಿಟಿಷರ ನಾಲಿಗೆಗೆ ಹೊರಳದೆ ರಾಮ್ಸೆ ಆಯಿತು. 1947ರಲ್ಲಿ ಎಲ್ಲ ಬಿಟ್ಟು ಮುಂಬಯಿಗೆ ಬಂದರು. 1970ರಲ್ಲಿ ತೆಗೆದ ಒಂದು ಚಿತ್ರ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ಮುಖವಾಡ ಹಾಕಿ ಕಳ್ಳತನಕ್ಕೆ ಬರುವ ದೃಶ್ಯವೊಂದನ್ನು ಜನ ಕಣ್ಣರಳಿಸಿ ನೋಡಿದ್ದನ್ನು ಮಕ್ಕಳು ಗಮನಿಸಿದರು. 1972ರಲ್ಲಿ 'ದೋ ಗಜ್ ಜಮೀನ್ ಕೇ ನೀಚೆ' ಬಂತು, ಆಮೇಲೆ 1984ರ 'ಪುರಾನಾ ಮಂದಿರ್', 1990ರ 'ಬಂದ್ ದರ್ವಾಜಾ'. ಈ ಕೊನೆಯದರ ಪಿಶಾಚಿಗೆ ಲುಗೋಸಿಯ ಮೇಲಂಗಿ ನೇರ ಬಂದಿದೆ. ಗೋಡೆಗೋಡೆಯ ಮೇಲೆ ಅಂಟಿಸಿದ್ದ ಅವುಗಳ ಹಸಿರು ನೇರಳೆ ಮುಖಗಳ ಪೋಸ್ಟರುಗಳನ್ನು ನೋಡಿದವರಿಗೆ ಪಾಪ್ ಆರ್ಟ್ ಅರ್ಥವಾಗಲು ಬೇರೆ ಪಾಠ ಬೇಡ. ಬ್ಲಾಸ್ಕೋ ಲುಗೋಸಿಯಾದ, ವಾರ್ಹೋಲಾ ವಾರ್ಹಾಲ್ ಆದ, ರಾಮ್‌ಸಿಂಘಾನಿ ರಾಮ್ಸೆ ಆದ. ಹೆದರಿಸುವ ಉದ್ಯೋಗದಲ್ಲಿ ಊರು ಬಿಟ್ಟವರು ಇಷ್ಟೊಂದು ಮಂದಿ ಯಾಕೆ ಅಂತ ಯಾರಾದರೂ ಕಲಿತವರು ಬರೆಯಬೇಕು.

ಹೆಸರಿನ ಮಾತು ಬಂದದ್ದಕ್ಕೆ ಒಂದು ಸಂಗತಿ. ಮುಂಬಯಿಯ ಅರ್ಜಿ ನಮೂನೆಯಲ್ಲಿ 'ಅಡ್ಡಹೆಸರು' ಎಂಬ ಕಲಮು ಖಾಲಿ ಬಿಡುವಂತಿಲ್ಲ. ಇನಿಶಿಯಲ್ಲಿನ ಮೇಲೆ ಬದುಕಿದ ನಮ್ಮ ಕಡೆಯವರು ಅಲ್ಲಿ ಊರ ಹೆಸರನ್ನೋ ಅಪ್ಪನ ಹೆಸರನ್ನೋ ಬರೆದುಬಿಡುತ್ತಿದ್ದರು. ಹಾಗೆ ಒಬ್ಬ ಉಡುಪಿ ಹೋಟೆಲಿನ ನೌಕರ ಮೂವತ್ತು ವರ್ಷ ನಮ್ಮ ಶಾಖೆಯಲ್ಲಿ ಊರಿನ ಹೆಸರಲ್ಲೇ ಖಾತೆ ಇಟ್ಟಿದ್ದ. ತೀರಿಕೊಂಡ ಮೇಲೆ ಹೆಂಡತಿ ಬಂದಳು. ಊರಿನ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಬೇರೆ. ಪಾಸ್‌ಬುಕ್ಕಿನ ಫೋಟೋ ಮಾಸಿ ಬರೀ ಕಪ್ಪು ಬಿಳಿ ಮಚ್ಚೆಯಾಗಿತ್ತು. ಅವಳು ಅದನ್ನು ನೋಡಿ, "ಇವರು ನಮ್ಮವರ ಹಾಗೆ ಇಲ್ಲ," ಅಂದಳು. ಮೂವತ್ತು ವರ್ಷದಲ್ಲಿ ಅವನು ಊರಲ್ಲಿ ಕಳೆದ ದಿನ ಕೂಡಿಸಿದರೆ ಎರಡು ವರ್ಷ ಆಗಬಹುದಿತ್ತೇನೋ. ಕೊನೆಗೆ ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿದೆವು. 'ಈ ಎರಡೂ ಹೆಸರಿನವನು ಒಬ್ಬನೇ ಮನುಷ್ಯ' ಅಂತ ಬರೆದ ಕಾಗದದ ಮೇಲೆ ಆಕೆ ಹೆಬ್ಬೆಟ್ಟು ಒತ್ತಿದಳು.

ಲುಗೋಸಿಯ ವಾರಸುದಾರರಿಗೂ ಇಂಥದೇ ಪ್ರಶ್ನೆ ಎದುರಾಯಿತು, ಇನ್ನೂ ದೊಡ್ಡ ಮೊತ್ತದ್ದು. ಅವನು ಸತ್ತ ಮೇಲೆ ಯೂನಿವರ್ಸಲ್ ಕಂಪನಿ ಡ್ರಾಕುಲಾ ಮುಖವನ್ನು ಆಟಿಕೆ, ಮುಖವಾಡ, ಅಂಗಿಗಳಿಗೆ ಬಾಡಿಗೆಗೆ ಕೊಟ್ಟು ಹಣ ಮಾಡಿತು. ಬೇರೆ ನಟರೂ ಆ ಪಾತ್ರ ಮಾಡಿದ್ದರು, ಆದರೂ ಮಾರಾಟವಾದದ್ದು ಲುಗೋಸಿಯ ಮುಖ. ಮಗ ಮತ್ತು ಕೊನೆಯ ಹೆಂಡತಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಅವರ ಪರ ಹೇಳಿತು. 1979ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತನ್ನ ಮುಖದಿಂದ ದುಡಿಯುವ ಹಕ್ಕನ್ನು ಅವನು ಬದುಕಿದ್ದಾಗಲೇ ಚಲಾಯಿಸಬೇಕಿತ್ತು, ಅದು ಮಕ್ಕಳಿಗೆ ಇಳಿಯುವ ಆಸ್ತಿಯಲ್ಲ ಅಂತ. ಆ ತೀರ್ಪಿನ ಮೇಲೆ ಗದ್ದಲವೆದ್ದು 1985ರಿಂದ ಆ ರಾಜ್ಯದಲ್ಲಿ ಕಾನೂನನ್ನೇ ಬದಲಾಯಿಸಿದರು. ನಮ್ಮಲ್ಲಿ 2023ರಲ್ಲಿ ನಟ ಸುಶಾಂತ್ ಸಿಂಗ್ ರಾಜಪೂತನ ವಿಷಯದಲ್ಲಿ ದಿಲ್ಲಿ ಹೈಕೋರ್ಟು ಹೇಳಿದ್ದೂ ಹೆಚ್ಚುಕಡಿಮೆ ಹಳೆಯ ಕ್ಯಾಲಿಫೋರ್ನಿಯಾದ ಮಾತನ್ನೇ. ಮನೆ, ಒಡವೆ, ಠೇವಣಿ ಎಲ್ಲಕ್ಕೂ ನಾಮಿನಿ ಇದ್ದಾರೆ, ಮುಖಕ್ಕಿಲ್ಲ. ವಾರ್ಹಾಲ್ ಯಾರನ್ನೂ ಕೇಳದೆ ಎತ್ತಿಕೊಂಡದ್ದು ಇಂಥ ವಾರಸುದಾರರಿಲ್ಲದ ಮುಖವನ್ನು. ಚಿತ್ರವನ್ನು ಎಷ್ಟು ಮೆಚ್ಚಿದರೂ ನನಗೆ ಈ ಬಾಬತ್ತಿನಲ್ಲಿ ಸಮಾಧಾನವಿಲ್ಲ. ಬಾಗಿ ರಕ್ತ ಹೀರುವವನು ಈ ವ್ಯವಹಾರದಲ್ಲಿ ಯಾರು? ಹಾಳೆಯ ಮೇಲಿನವನೋ, ಹಾಳೆಯನ್ನು ಒತ್ತಿದವನೋ?

ಲುಗೋಸಿ ಸಿನಿಮಾದಲ್ಲಿ ನಿಜವಾಗಿ ಡ್ರಾಕುಲಾ ಆದದ್ದು ಎರಡೇ ಸಲ, 1931ರಲ್ಲಿ ಮತ್ತು 1948ರ ಒಂದು ಹಾಸ್ಯಚಿತ್ರದಲ್ಲಿ. ಆದರೂ ಬೇರೆ ಪಾತ್ರ ಅವನಿಗೆ ದಕ್ಕಲಿಲ್ಲ. ಕೊನೆಗಾಲದಲ್ಲಿ ಮಾರ್ಫಿನಿನ ಚಟ ಅಂಟಿ, 1955ರಲ್ಲಿ ತಾನಾಗಿಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಸೇರಿಸಿಕೊಳ್ಳಿ ಅಂದ. 1956ರ ಆಗಸ್ಟ್ 16ರಂದು ತೀರಿಕೊಂಡ. ಡ್ರಾಕುಲಾನ ಆ ಮೇಲಂಗಿ ಹೊದಿಸಿಯೇ ಕ್ಯಾಲಿಫೋರ್ನಿಯಾದಲ್ಲಿ ಹೂಳಿದರು. ಹಾಗೆ ಮಾಡೋಣ ಅಂದದ್ದು ಮನೆಯವರೇ. ಲುಗೋಶಿನ ಒಂದು ಹಿಡಿ ಮಣ್ಣೂ ಇಲ್ಲದೆ ವೇಷದ ಬಟ್ಟೆಯಲ್ಲಿ ಮಲಗಿದ. ವಾರ್ಹಾಲ್ 1987ರಲ್ಲಿ ನ್ಯೂಯಾರ್ಕಿನಲ್ಲಿ ಸತ್ತಾಗ ಅವನನ್ನು ಪಿಟ್ಸ್‌ಬರ್ಗಿಗೆ ಒಯ್ದು ಅಪ್ಪ ಅಮ್ಮನ ಪಕ್ಕ ಮಣ್ಣು ಮಾಡಿದರು.

ಇಷ್ಟೆಲ್ಲ ಹೇಳಿದ ಮೇಲೂ ಹಾಳೆಯ ಮೇಲೆ ಇನ್ನೊಂದು ಮುಖ ಉಳಿಯುತ್ತದೆ. ಅದು ಹೆಲೆನ್ ಚಾಂಡ್ಲರ್. ಸಿನಿಮಾದ ನಾಯಕಿ, ಮೀನಾಳ ಪಾತ್ರ ಮಾಡಿದವಳು. ಚಿತ್ರದಲ್ಲಿ ಅವಳು ಅರ್ಧಕ್ಕರ್ಧ ಇದ್ದಾಳೆ, ಆದರೆ ಬ್ರಾಕೆಟ್ಟಿನಲ್ಲಿ ಅವಳ ಹೆಸರಿಲ್ಲ. ವಾರ್ಹಾಲ್ ಅದನ್ನು ಒತ್ತಿದ 1963ರಲ್ಲಿ ಲುಗೋಸಿ ಸತ್ತಿದ್ದ, ಅವಳು ಬದುಕಿದ್ದಳು. ಕುಡಿತಕ್ಕೆ ಬಿದ್ದು, 1950ರಲ್ಲಿ ಬೆಂಕಿ ಅನಾಹುತದಲ್ಲಿ ಸುಟ್ಟು ಬದುಕುಳಿದು, ಯಾರಿಗೂ ಬೇಡವಾಗಿ ಕ್ಯಾಲಿಫೋರ್ನಿಯಾದಲ್ಲೇ ಇದ್ದಳು. 1965ರಲ್ಲಿ ಸತ್ತಳು. ದಹನವಾದ ಮೇಲೆ ಅವಳ ಬೂದಿಯನ್ನು ಬಹುಕಾಲ ಯಾರೂ ಬಂದು ತೆಗೆದುಕೊಂಡು ಹೋಗಲಿಲ್ಲ. ಪುಸ್ತಕದಲ್ಲಿ ಆ ಚಿತ್ರ ನಿಮಗೆ ಎಲ್ಲಾದರೂ ಸಿಕ್ಕರೆ ಅವನ ಕರೀ ಕೂದಲನ್ನು ಬಿಟ್ಟು ಮೊದಲು ಅವಳ ಗಂಟಲಿನ ಕಡೆ ನೋಡಿ. ಅಲ್ಲಿ ಶಾಯಿಯೇ ಇಳಿದಿಲ್ಲ.